ನೂರ ಎಂಬತ್ತು ಮೀಟರು

ಜನವರಿ 16, 2024, ಮಂಗಳವಾರ

ಸಂಕ್ರಾಂತಿಗೆಂದು ನಿನ್ನೆ ಅಡಿಕೆ ಸುಲಿಯುವವರಿಗೆ ರಜೆ. ಇವತ್ತು ಮತ್ತೆ ಚಪ್ಪರದಡಿ ಐದು ಮೆಟ್ಟುಗತ್ತಿ. ಎಂಟಕ್ಕೆಲ್ಲ ನಾಲ್ಕು ಜನ ಸೆರಗು ಕೊಡವಿಕೊಂಡು ಎದ್ದರು. ಬೈಲುಮನೆಯವಳು ಮಾತ್ರ ಹತ್ತು ಹೊಡೆದರೂ ಏಳಲಿಲ್ಲ.

“ಸಾಕೇ ಮಾರಾಯ್ತಿ, ನಾಳೆಗೂ ಸ್ವಲ್ಪ ಉಳಿಸು” ಅಂದೆ.

“ಮನೆಗೆ ಹೋಗಿ ಎಂತ ಮಾಡೂದು ಅಮ್ಮ, ಕತ್ತಲೆ. ಇಲ್ಲಿ ಹೇಗಿದ್ರೂ ಲೈಟು ಉರೀತದೆ. ಇನ್ನೊಂದು ಡಬ್ಬ ಆಗ್ತದಲ್ಲ.”

ನಿಮ್ಮ ಕಡೆ ಕರೆಂಟು ಹೋಗಿದೆಯಾ ಎಂದು ಕೇಳಿದೆ. ಅವಳು ಗೋಟು ಪಕ್ಕಕ್ಕೆ ಎಸೆದು ನಕ್ಕಳು. “ಹೋಗೂಕೆ ಮೊದ್ಲು ಬರ್ಬೇಕಲ್ಲ ಅಮ್ಮ.”

ಮೂವತ್ತಮೂರು ವರ್ಷ ವಿದ್ಯುತ್ ಆಫೀಸಿನ ರೆವಿನ್ಯೂ ಸೆಕ್ಷನ್ನಿನಲ್ಲಿ ಲೆಡ್ಜರು ಬರೆದವಳು ನಾನು. ಎಂಟು ವರ್ಷದಿಂದ ನಮ್ಮ ಅಂಗಳದಲ್ಲಿ ಕೂತು ಸುಲಿಯುವವಳ ಮನೆಯಲ್ಲಿ ದೀಪವಿಲ್ಲ ಅನ್ನುವುದು ಇವತ್ತು ಗೊತ್ತಾಯಿತು. ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಿದ್ದೆ ಬಾರದೆ ಇದನ್ನು ಬರೆಯುತ್ತಿದ್ದೇನೆ.

ಜನವರಿ 28, ಭಾನುವಾರ

ಅಣ್ಣನ ಮಗಳು ಬೆಂಗಳೂರಿನಿಂದ ಬಂದಿದ್ದಾಳೆ. ಅರ್ಥಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುವವಳು, ಎಲ್ಲದಕ್ಕೂ ಲೆಕ್ಕ ಕೇಳುತ್ತಾಳೆ. ಬೈಲುಮನೆಯ ಸುದ್ದಿ ಹೇಳಿದೆ.

“ಅದ್ಹೇಗೆ ಅತ್ತೆ? ದೇಶದ ಎಲ್ಲ ಹಳ್ಳಿಗೂ ಕರೆಂಟು ಬಂತು ಅಂತ 2018ರಲ್ಲೇ ಹೇಳಿದ್ರಲ್ಲ?”

ಹೇಳಿದ್ದು ನಿಜ. ಆ ವರ್ಷ ಏಪ್ರಿಲ್ 28ಕ್ಕೆ ಮಣಿಪುರದ ಲೈಸಾಂಗ್ ಎಂಬ ಊರಿಗೆ ದೀಪ ಬಂದಾಗ ಪಟ್ಟಿ ಮುಗಿಯಿತು. ಆದರೆ ಪಟ್ಟಿ ಇದ್ದದ್ದು ಹಳ್ಳಿಗಳದು. 2004ರಿಂದ ಇರುವ ನಿಯಮ ಏನೆಂದರೆ, ಊರಿಗೆ ಲೈನು ಮತ್ತು ಟಿಸಿ (ಟ್ರಾನ್ಸ್‌ಫಾರ್ಮರು) ಬಂದು, ಶಾಲೆ, ಪಂಚಾಯಿತಿಯಂಥ ಕಡೆ ಕರೆಂಟಿದ್ದು, ಹತ್ತು ಮನೆಯಲ್ಲಿ ಒಂದಕ್ಕೆ ಕನೆಕ್ಷನ್ ಆಗಿದ್ದರೆ ಆ ಊರು ವಿದ್ಯುದೀಕರಣ ಆದಂತೆ. 1997ಕ್ಕೆ ಮುಂಚೆ ಇನ್ನೂ ಸುಲಭವಿತ್ತು. ಗ್ರಾಮದ ಗಡಿಯೊಳಗೆ ಯಾವ ಉಪಯೋಗಕ್ಕಾದರೂ ಕರೆಂಟು ಇದ್ದರೆ ಸಾಕಿತ್ತು. ಗೌಡರ ಗದ್ದೆಯಲ್ಲಿ ಒಂದು ಪಂಪು ಓಡಿದರೆ ಊರೆಲ್ಲ ಬೆಳಗಿದ ಲೆಕ್ಕ.

ಹುಡುಗಿ ನಗುತ್ತ ನೋಟು ಮಾಡಿಕೊಂಡಳು. ನನಗೆ ಅಷ್ಟು ನಗು ಬರಲಿಲ್ಲ. ನಮ್ಮ ತವರುಮನೆ ಈಗ ಲಿಂಗನಮಕ್ಕಿಯ ನೀರಿನಡಿ ಇದೆ. ಅಣೆಕಟ್ಟು ಮುಗಿದದ್ದು 1964ರಲ್ಲಿ, ನನಗೆ ಏಳು ವರ್ಷ. ಲಾರಿಯಲ್ಲಿ ಪಾತ್ರೆ, ಕರು, ಬಾಗಿಲಿನ ದಾರಂದ ಎಲ್ಲ ಹೇರಿಕೊಂಡು ಹೊಸ ಜಾಗಕ್ಕೆ ಹೋದೆವು. ನಮ್ಮ ಗದ್ದೆ ಮುಳುಗಿಸಿದ ನೀರಿನಿಂದ ಮಾಡಿದ ಕರೆಂಟು ಬೆಂಗಳೂರಿಗೆ ಹೋಯಿತು. ನಾವು ಮಾತ್ರ ಆ ಹೊಸ ಮನೆಯಲ್ಲಿ ಇನ್ನೂ ಹದಿಮೂರು ವರ್ಷ ಲಾಟೀನಿನ ಗಾಜು ಒರೆಸುತ್ತಿದ್ದೆವು. ಅಣ್ಣ ಇದನ್ನು ಮಗಳಿಗೆ ಹೇಳಿದ ಹಾಗಿಲ್ಲ.

ಫೆಬ್ರವರಿ 6, ಮಂಗಳವಾರ

ಬೈಲುಮನೆಗೆ ಹೋಗಿ ಬಂದೆ. ರಸ್ತೆಯಿಂದ ಇಳಿಜಾರು, ಆಮೇಲೆ ಸೊಪ್ಪಿನ ಬೆಟ್ಟದ ಅಂಚು, ಒಂದು ಸಂಕ, ಮತ್ತೆ ಸ್ವಲ್ಪ ಏರು. ಕೊನೆಯ ಕಂಬದಿಂದ ಅವಳ ಜಗಲಿಯವರೆಗೆ ಹೆಜ್ಜೆ ಎಣಿಸಿದೆ. ನನ್ನ ಮಂಡಿನೋವಿನ ಹೆಜ್ಜೆಗೆ ಮುನ್ನೂರ ಅರವತ್ತು. ನೂರ ಎಂಬತ್ತು ಮೀಟರು ಅಂದುಕೊಳ್ಳೋಣ.

ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ತಂತಿ ಎಳೆದರು, ಸುಮಾರು 147 ಕಿಲೋಮೀಟರು. ಆಫೀಸಿಗೆ ಸೇರಿದ ಹೊಸತರಲ್ಲಿ ಒಬ್ಬರು ಹಿರಿಯ ಸೂಪರಿಂಟೆಂಡೆಂಟರು ಇದನ್ನು ತಮ್ಮ ತಾತನೇ ಎಳೆದ ಹಾಗೆ ವರ್ಣಿಸುತ್ತಿದ್ದರು. ಸಂಕದ ಮೇಲೆ ಕೂತು ದಣಿವಾರಿಸಿಕೊಳ್ಳುವಾಗ ನೆನಪಾಯಿತು.

ಮಲೆನಾಡಿನ ತೊಂದರೆಯೇ ಇದು. ಬಯಲುಸೀಮೆಯಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿಕೊಂಡಿರುತ್ತವೆ, ಒಂದು ಕಂಬದಿಂದ ಆರು ಸರ್ವಿಸ್ ವೈರು ಹೊರಡುತ್ತವೆ. ಇಲ್ಲಿ ತೋಟಕ್ಕೊಂದು ಮನೆ, ಗುಡ್ಡಕ್ಕೊಂದು ಮನೆ. ಸರ್ವಿಸ್ ವೈರು ಮೂವತ್ತು ಮೀಟರಿಗಿಂತ ಹೆಚ್ಚು ಎಳೆಯುವ ಹಾಗಿಲ್ಲ. ಅದಕ್ಕೂ ದೂರವಾದರೆ ಕಂಬ ಬೇಕು, ಐವತ್ತು ಮೀಟರಿಗೊಂದು. ಒಂದು ಒಂಟಿಮನೆಗೆ ಮೂರು ಕಂಬ ಅಂದರೆ ಯಾವ ಇಂಜಿನಿಯರಿಗೂ ಕೈ ಬರುವುದಿಲ್ಲ. ಮೇಲಿನಕೊಪ್ಪದವರು ತಮ್ಮ ಹಳ್ಳಕ್ಕೆ ಸಣ್ಣ ಟರ್ಬೈನು ಕೂರಿಸಿಕೊಂಡಿದ್ದಾರೆ, ಜೂನಿನಿಂದ ಡಿಸೆಂಬರಿನವರೆಗೆ ದೀಪವೂ ಉರಿಯುತ್ತದೆ, ಟಿ.ವಿ.ಯೂ ಓಡುತ್ತದೆ. ಬೈಲುಮನೆಯ ಹಳ್ಳ ಸಪಾಟು. ನೀರಿದೆ, ಬೀಳುವುದಕ್ಕೆ ಎತ್ತರವಿಲ್ಲ.

ಮನೆ ಚೊಕ್ಕಟ. ಸೆಗಣಿ ಸಾರಿಸಿದ ಜಗಲಿ, ಮಾಡಿಗೆ ಹೊಡೆದ ಮೊಳೆಗೆ ಬುಡ್ಡಿ. ಸೀಮೆಎಣ್ಣೆ ರೇಷನ್ನಿನಲ್ಲಿ ನಿಂತ ಮೇಲೆ ಹೊರಗೆ ಕೊಂಡು ತರುತ್ತಾಳೆ. ಯಾರೋ ಕೊಟ್ಟ ಸೋಲಾರ್ ದೀಪವಿತ್ತು, ಬ್ಯಾಟರಿ ಸತ್ತು ಎರಡು ಮಳೆಗಾಲವಾಯಿತು. ಮಗನ ಮೊಬೈಲು ಚಾರ್ಜಿಗೆ ರಸ್ತೆಯ ಅಂಗಡಿಗೆ ಹೋಗುತ್ತದೆ, ಸಲಕ್ಕೆ ಹತ್ತು ರೂಪಾಯಿ.

ಮನೆಗೆ ಬಂದು ಲೆಕ್ಕ ಹಾಕಿದೆ, ಹಳೆಯ ಚಟ. ಒಂದು ಯುನಿಟ್ಟಿನಲ್ಲಿ ಅಂಥ ಫೋನು ನಲವತ್ತು ಸಲ ಚಾರ್ಜ್ ಆದೀತು. ಅಂದರೆ ಬೈಲುಮನೆಯವಳು ಯುನಿಟ್ಟಿಗೆ ನಾನೂರು ರೂಪಾಯಿ ಕೊಡುತ್ತಿದ್ದಾಳೆ. ನಮ್ಮ ಮನೆಗೆ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು.

ಫೆಬ್ರವರಿ 14, ಬುಧವಾರ

ಅರ್ಜಿ ಹಿಡಿದು ಆಫೀಸಿಗೆ ಹೋದೆ. ನನ್ನ ಕುರ್ಚಿಯಲ್ಲಿ ಈಗ ಒಬ್ಬಳು ಚುರುಕು ಹುಡುಗಿ. “ಬನ್ನಿ ಮೇಡಂ” ಎಂದು ಎದ್ದು ನಿಂತಳು. ಚಾ ತರಿಸಿದಳು. ಕಂಪ್ಯೂಟರಿನಲ್ಲಿ ಹುಡುಕಿ, “ಈ ಮನೆಗೆ ಆಗಲೇ ಕನೆಕ್ಷನ್ ಇದೆಯಲ್ಲ ಮೇಡಂ, ಭಾಗ್ಯಜ್ಯೋತಿ” ಅಂದಳು.

ಇತ್ತು. ಬೈಲುಮನೆಯವಳ ಅತ್ತೆಯ ಹೆಸರಿನಲ್ಲಿ. ಒಂದು ಬಲ್ಬಿನ ಕನೆಕ್ಷನ್. ಆಗ ಹಳ್ಳದ ಈಚೆ ಅವರ ಗುಡಿಸಲಿತ್ತು, ಕಂಬದ ಪಕ್ಕದಲ್ಲೇ. ಒಂದೇ ಬಲ್ಬಿಗೆಂದು ಕೊಟ್ಟದ್ದರಲ್ಲಿ ಅವರು ಇನ್ನೊಂದು ಹಾಕಿಕೊಂಡರೋ, ಪಕ್ಕದ ಮನೆಯವರು ತಂತಿ ಸಿಕ್ಕಿಸಿದರೋ, ಯುನಿಟ್ಟು ಮೀರಿ ಬಿಲ್ಲು ಬಂತು. ಕಟ್ಟಲಿಲ್ಲ. 1996ರಲ್ಲಿ ಫ್ಯೂಸು ಕಿತ್ತರು. ಆಮೇಲೆ ಗುಡಿಸಲು ಬಿದ್ದು ಮೇಲೆ ಮನೆ ಕಟ್ಟಿಕೊಂಡರು. ಆದರೆ ಕನೆಕ್ಷನ್ನಿನ ಆರ್.ಆರ್. ನಂಬರು ಸಾಯುವುದಿಲ್ಲ. ಹಾಗಾಗಿ 2017ರಲ್ಲಿ ಸೌಭಾಗ್ಯ ಯೋಜನೆಯ ಸರ್ವೆಗೆ ಬಂದವರ ಪಟ್ಟಿಯಲ್ಲಿ ಬೈಲುಮನೆ ದೀಪವಿರುವ ಮನೆ. ಬಡವರಿಗೆ ಪುಕ್ಕಟೆ, ಉಳಿದವರಿಗೆ ಐನೂರು ರೂಪಾಯಿ, ಅದನ್ನೂ ಬಿಲ್ಲಿನ ಜೊತೆ ಹತ್ತು ಕಂತಿನಲ್ಲಿ, ಮೀಟರು, ಒಳಗೆ ಒಂದು ಎಲ್‌ಇಡಿ, ಮೊಬೈಲಿಗೊಂದು ಪಾಯಿಂಟು. ಅಷ್ಟು ಒಳ್ಳೆಯ ಯೋಜನೆ ಇವಳ ಮನೆಯ ಮುಂದಿನಿಂದಲೇ ಹಾದುಹೋಗಿದೆ.

ಬಾಕಿ 214 ರೂಪಾಯಿ. ಬಡ್ಡಿ ಸೇರಿ ಈಗ 2,340. ಅದು ತೀರದೆ ಹೊಸ ಅರ್ಜಿ ಮುಂದಕ್ಕೆ ಹೋಗದು. ಹುಡುಗಿ ರೆಕಾರ್ಡ್ ರೂಮಿನಿಂದ ಹಳೆಯ ಲೆಡ್ಜರು ತರಿಸಿದಳು. ಕೆಂಪು ಶಾಯಿಯಲ್ಲಿ ಅಡ್ಡಗೆರೆ, ಪಕ್ಕದಲ್ಲಿ ‘ಡಿ.ಸಿ.’, ಅಂದರೆ ಡಿಸ್‌ಕನೆಕ್ಟೆಡ್, ಕೆಳಗೆ ನನ್ನ ಚುಟುಕು ಸಹಿ. ಆ ವರ್ಷ ಅಂಥ ಕೆಂಪು ಗೆರೆ ಎಷ್ಟು ಎಳೆದೆನೋ. ತಿಂಗಳ ಕೊನೆಗೆ ವಸೂಲಿಯ ಅಂಕಿ ಸರಿಹೋಗಬೇಕಿತ್ತು, ಅಷ್ಟೇ ತಲೆಯಲ್ಲಿದ್ದದ್ದು.

“ನಿಮ್ಮ ಅಕ್ಷರ ಎಷ್ಟು ಚೆನ್ನಾಗಿತ್ತು ಮೇಡಂ” ಅಂದಳು ಹುಡುಗಿ.

2,340 ನಾನೇ ಕಟ್ಟಿದೆ. ಬೈಲುಮನೆಯವಳಿಗೆ, ಮುಂದಿನ ವರ್ಷದ ಸುಲಿಗೆಯಲ್ಲಿ ಹಿಡಿದುಕೊಳ್ಳುತ್ತೇನೆ ಎಂದಿದ್ದೇನೆ. ಹಿಡಿಯುತ್ತೇನೋ ಇಲ್ಲವೋ ಗೊತ್ತಿಲ್ಲ. ಸಹಿಯ ವಿಷಯ ಹೇಳಲಿಲ್ಲ.

ಫೆಬ್ರವರಿ 18, ಭಾನುವಾರ

ಅಣ್ಣನ ಮಗಳು ಒಂದು ಪ್ರಬಂಧ ಕಳಿಸಿದ್ದಾಳೆ, ‘ಅತ್ತೆ, ಇದು ನಿಮಗೇ ಬರೆದ ಹಾಗಿದೆ’ ಎಂಬ ಮೆಸೇಜಿನ ಜೊತೆ. ಇಂಗ್ಲಿಷು ಕಷ್ಟ, ಟೇಬಲ್ಲು ಸುಲಭ. ಟೇಬಲ್ಲಿನಿಂದ ಶುರುಮಾಡಿ ಹಿಂದಕ್ಕೆ ಓದಿದೆ. ಎರಡು ದಿನ ಹಿಡಿಯಿತು.

ಕೀನ್ಯಾದ ಪಶ್ಚಿಮಕ್ಕೆ ಬುಸಿಯಾ, ಸಿಯಾಯಾ ಎಂಬ ಎರಡು ಕೌಂಟಿ. ಕೆನೆತ್ ಲೀ, ಎಡ್ವರ್ಡ್ ಮಿಗೆಲ್, ಕ್ಯಾಥರಿನ್ ವುಲ್ಫ್ರಮ್ ಎಂಬ ಮೂವರು ಅಲ್ಲಿನ 150 ಊರುಗಳಲ್ಲಿ ಪರೀಕ್ಷೆ ಮಾಡಿ 2020ರಲ್ಲಿ ಪ್ರಕಟಿಸಿದ್ದು. ಅಲ್ಲಿಯೂ ನಮ್ಮ ಹಾಗೆಯೇ, ಟಿಸಿ ಊರೊಳಗೆ ಬಂದು ನಿಂತಿದೆ, ಅದರ ನೆರಳಿನಲ್ಲಿರುವ ಮನೆಗಳಲ್ಲಿ ಕತ್ತಲೆ. ಕನೆಕ್ಷನ್ನಿಗೆ 35,000 ಶಿಲ್ಲಿಂಗು, ಆಗಿನ ಲೆಕ್ಕಕ್ಕೆ ಸುಮಾರು 400 ಡಾಲರು. ಇವರು ಚೀಟಿ ಎತ್ತಿದ ಹಾಗೆ ಊರುಗಳನ್ನು ಹಂಚಿ, ಕೆಲವಕ್ಕೆ ಪುಕ್ಕಟೆ, ಕೆಲವಕ್ಕೆ 15,000, ಕೆಲವಕ್ಕೆ 25,000, ಉಳಿದವಕ್ಕೆ ಇದ್ದ ದರವೇ ಎಂದರು. ಪುಕ್ಕಟೆ ಅಂದಲ್ಲಿ ನೂರಕ್ಕೆ 95 ಮನೆ ತೆಗೆದುಕೊಂಡವು. 15,000 ಅಂದಲ್ಲಿ ಕಾಲುಭಾಗವೂ ಇಲ್ಲ. 25,000ಕ್ಕೆ ನೂರಕ್ಕೆ ಏಳು. ಪೂರ್ತಿ ದರಕ್ಕೆ ನೂರಕ್ಕೆ ಒಂದು ಮನೆ. ಅಲ್ಲಿನ ಸರ್ಕಾರ 2015ರಲ್ಲಿ ದರವನ್ನು ಇಳಿಸಿ ನಿಲ್ಲಿಸಿದ್ದು ಆ 15,000ಕ್ಕೇ.

ಇನ್ನೊಂದು ಲೆಕ್ಕ ನನಗೆ ಹಿಡಿಸಿತು. ಊರಿನಲ್ಲಿ ಒಬ್ಬಿಬ್ಬರೇ ತೆಗೆದುಕೊಂಡರೆ ಒಂದು ಮನೆಯ ಖರ್ಚು ಸಾವಿರ ಡಾಲರು ದಾಟುತ್ತದೆ, ಊರಿಡೀ ಒಟ್ಟಿಗೆ ಸೇರಿದರೆ ಅದು ಬಹಳ ಕೆಳಗಿಳಿಯುತ್ತದೆ. ಕಂಬ, ತಂತಿ, ಲಾರಿ ಬಾಡಿಗೆ ಎಲ್ಲ ಹಂಚಿಹೋಗುತ್ತದಲ್ಲ. ಒಂಟಿಮನೆಗಳನ್ನು ಒಂದೊಂದಾಗಿ ಮಾಡಿ ದುಡ್ಡು ಸುರಿದ ನಮ್ಮವರಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಎಲ್ಲರೂ ಒಟ್ಟಿಗೆ ಅರ್ಜಿ ಹಾಕಲಿ ಎಂದು ಕಾಯುತ್ತ ಕೂತರೆ ಆಗುವುದಿಲ್ಲ, ಅದೂ ಗೊತ್ತಿತ್ತು.

ಕಂಬದ ವಿಷಯ ಓದಿ ಒಬ್ಬಳೇ ನಕ್ಕೆ. ನಕ್ಷೆಯಲ್ಲಿ ಬರೆದು ಖರ್ಚು ಹಾಕಿದ್ದಕ್ಕಿಂತ ನೆಲದಲ್ಲಿ ನೆಟ್ಟ ಕಂಬಗಳು ಐದರಲ್ಲಿ ಒಂದರಷ್ಟು ಕಡಿಮೆಯಂತೆ. ಕಂಬ ನಡೆದುಕೊಂಡು ಹೋಗುವುದು ಎಲ್ಲ ದೇಶದಲ್ಲೂ ಇದೆ ಎಂದಾಯಿತು.

ಆದರೆ ಅವರ ಕೊನೆಯ ತೀರ್ಮಾನದಲ್ಲಿ ನನಗೆ ತಕರಾರಿದೆ. ಜನ ಕೊಡಲು ಒಪ್ಪಿದ ಬೆಲೆಯನ್ನು ಆದ ಖರ್ಚಿನ ಪಕ್ಕಕ್ಕಿಟ್ಟು ನೋಡಿದರೆ ಲಾಭಕ್ಕಿಂತ ಖರ್ಚೇ ಹೆಚ್ಚು, ದೀಪ ಬಂದ ಮನೆಗಳಲ್ಲಿ ಒಂದೂವರೆ ವರ್ಷದ ಮೇಲೂ ಹೇಳಿಕೊಳ್ಳುವ ಏಳಿಗೆ ಕಾಣಲಿಲ್ಲ ಎನ್ನುತ್ತಾರೆ. ಲೆಕ್ಕ ತಪ್ಪೆಂದು ನಾನು ಹೇಳಲಾರೆ. ಒಪ್ಪಿದ ಬೆಲೆ ಅಂದರೆ ಕೈಯಲ್ಲಿದ್ದ ದುಡ್ಡಲ್ಲವೇ, ಎಂದು ಮಾತ್ರ ಕೇಳಬಲ್ಲೆ. ಬೈಲುಮನೆಯವಳನ್ನು ನಿಲ್ಲಿಸಿ, ಕರೆಂಟಿಗೆ ಎಷ್ಟು ಕೊಡುತ್ತೀ ಎಂದರೆ ಐನೂರು ಎಂದಾಳು. ಸಾಲ ಸಿಕ್ಕರೆ ಐದು ಸಾವಿರ ಎಂದಾಳು. ಸಾಲ ಕೊಡುವವನು ಯಾರೆಂದು ಗೊತ್ತಾದ ಮೇಲೆ, ಬೇಡ ಬಿಡಿ ಎಂದಾಳು. ಮೂರೂ ಅವಳದೇ ಮಾತು. ಇದನ್ನು ಆ ಮೂವರೂ ಬರೆದಿದ್ದಾರಂತೆ, ಕೈಸಾಲದ ಅಡ್ಡಿ ಎಂದು. ಹುಡುಗಿ ಫೋನಿನಲ್ಲಿ ಹೇಳಿದಳು. ನಾನು ಆ ಪುಟ ಹಾರಿಸಿದ್ದೆ.

ಮಾರ್ಚ್ 3, ಭಾನುವಾರ

ಪಂಚಾಯಿತಿಯ ಎನ್‌ಒಸಿ ಸಿಕ್ಕಿತು. ಮನೆ ಸರ್ಕಾರಿ ಜಾಗದಲ್ಲಿದೆ, ಸಕ್ರಮಕ್ಕೆಂದು 94ಸಿಯಲ್ಲಿ ಹಾಕಿದ ಅರ್ಜಿ ಇನ್ನೂ ತಾಲ್ಲೂಕು ಕಚೇರಿಯಲ್ಲಿ ಮಲಗಿದೆ. ಅದಕ್ಕೊಂದು, ಇದಕ್ಕೊಂದು ಜೆರಾಕ್ಸು, ನೋಟರಿ, ಫೋಟೋ. ಬೈಲುಮನೆಯವಳಿಗೆ ಏಳು ದಿನದ ಕೂಲಿ ಹೋಯಿತು. ಯಾವ ಎಸ್ಟಿಮೇಟಿನಲ್ಲೂ ಇದಕ್ಕೊಂದು ಕಾಲಮ್ಮಿಲ್ಲ.

ವೈರಿಂಗು ಶುರುವಾಗಿದೆ. ಲೈಸೆನ್ಸು ಇರುವ ಗುತ್ತಿಗೆದಾರನೇ ಟೆಸ್ಟ್ ರಿಪೋರ್ಟು ಕೊಡಬೇಕು. ಅವನು 9,500 ಅಂದ, ಚೌಕಾಸಿ ಮಾಡಿ 7,800ಕ್ಕೆ ಇಳಿಸಿದೆ. ಮೂರು ದೀಪ, ಎರಡು ಪ್ಲಗ್ಗು, ಮೇನ್ ಸ್ವಿಚ್ಚು, ಮೀಟರಿನ ಹಲಗೆ, ಅರ್ತಿಂಗು. ಅರ್ತಿಂಗಿಗೆ ಗುಂಡಿ ತೋಡಿದ್ದು ಅವಳೇ, ಉಪ್ಪು ಇದ್ದಿಲು ಹಾಕಿದ್ದು ಅವಳ ಮಗ. ಹಾಗೆ ಮುನ್ನೂರು ಉಳಿಯಿತು. ಕೊಟ್ಟಿಗೆಗೆ ಒಂದು ದೀಪ ಬೇಕಿತ್ತು ಅವಳಿಗೆ, ದುಡ್ಡು ಸಾಲದು ಎಂದು ಬಿಟ್ಟಳು.

ಆಫೀಸಿಗೆ ಕಟ್ಟಿದ್ದು 1,250 ಮಾತ್ರ. ಹೊರಗಿನ ಮೂರು ಕಂಬ, ತಂತಿ, ಕೂಲಿ ಸೇರಿ 64,000ದ ಎಸ್ಟಿಮೇಟು, ಅದು ಬೇರೊಂದು ಯೋಜನೆಯ ಹಣದಲ್ಲಿ. ಎರಡು ಪುಸ್ತಕ ಪಕ್ಕಪಕ್ಕ ಇಟ್ಟು ನೋಡಿದೆ. ಆಫೀಸಿನ ಪುಸ್ತಕದಲ್ಲಿ ಈ ಮನೆಗೆ ಆದ ಖರ್ಚು ಅರವತ್ತೈದು ಸಾವಿರ, ಅದರಲ್ಲಿ ಅವಳ ಪಾಲು ಕೈಬೆರಳಿನಷ್ಟು, ಬಹಳ ಸಹಾಯಧನ. ಅವಳ ಪುಸ್ತಕದಲ್ಲಿ ಬಾಕಿ, ವೈರಿಂಗು, ಕೂಲಿ ನಷ್ಟ, ಬಸ್ಸು, ಜೆರಾಕ್ಸು, ನೋಟರಿ. ಹದಿನೈದು ಸಾವಿರದ ಹತ್ತಿರ. ಒಂದು ಸುಗ್ಗಿಯ ಸುಲಿಗೆ.

ಅವಳ ಮನೆಗೆ ದೀಪ ಬಂದರೆ ಹಸಿ ಅಡಿಕೆ ಮನೆಗೇ ಒಯ್ದು ರಾತ್ರಿ ಸುಲಿಯಬಹುದು, ನಮ್ಮ ಅಂಗಳಕ್ಕೇ ಬರಬೇಕೆಂದಿಲ್ಲ. ಬೇರೆಯವರ ಅಡಿಕೆಯನ್ನೂ ಹಿಡಿಯಬಹುದು. ಈ ಯೋಚನೆ ಬಂದಾಗ ನನಗೆ ಪೂರ್ತಿ ಸಂತೋಷವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ.

ಮಾರ್ಚ್ 18, ಸೋಮವಾರ

ಚುನಾವಣೆ ಘೋಷಣೆ ಆಯಿತು, ಶನಿವಾರದಿಂದ ನೀತಿ ಸಂಹಿತೆ. ಎದೆ ಧಸಕ್ಕೆಂದಿತು. ಫೋನು ಮಾಡಿದರೆ, ವರ್ಕ್ ಆರ್ಡರು ಹನ್ನೆರಡಕ್ಕೇ ಆಗಿದೆ, ಹೆದರಬೇಡಿ ಎಂದರು. ನಾಲ್ಕು ದಿನ ತಡವಾಗಿದ್ದರೆ ಮಳೆಗಾಲದ ಆಚೆಗೆ ಹೋಗುತ್ತಿತ್ತು.

ಏಪ್ರಿಲ್ 11, ಗುರುವಾರ

ಮೊನ್ನೆ ಯುಗಾದಿ. ಇವತ್ತು ಕಂಬ ಬಂತು. ಲಾರಿ ರಸ್ತೆಯಲ್ಲೇ ಇಳಿಸಿ ಹೋಯಿತು. ಅಲ್ಲಿಂದ ಇಳಿಜಾರು, ಸಂಕ, ಏರು. ಗುತ್ತಿಗೆದಾರನ ಜನ ಆರೇ, ಕಂಬಕ್ಕೆ ಹತ್ತು ಹನ್ನೆರಡು ಹೆಗಲಾದರೂ ಬೇಕು. ಬೈಲುಮನೆಯವಳು ಹಿಂದಿನ ರಾತ್ರಿಯೇ ಮನೆಮನೆಗೆ ಹೋಗಿ ಹೇಳಿ ಬಂದಿದ್ದಳು. ಬೆಳಿಗ್ಗೆ ಒಂಬತ್ತು ಜನ ಬಂದರು. ಹಗ್ಗ, ಬಿದಿರಿನ ಗಳ, ಕೂಗು. ಸಂಕದ ಮೇಲೆ ಒಂದು ಸಲ ಕಂಬ ವಾಲಿದಾಗ ನಾನು ಕಣ್ಣು ಮುಚ್ಚಿಕೊಂಡೆ.

ಒಂಬತ್ತು ಮೀಟರಿನ ಕಂಬಕ್ಕೆ ಒಂದೂವರೆ ಮೀಟರು ಗುಂಡಿ, ಉದ್ದದ ಆರನೇ ಒಂದು ಪಾಲು. ಎರಡನೆಯದಕ್ಕೆ ಜಂಬಿಟ್ಟಿಗೆ ಸಿಕ್ಕಿ ಮಧ್ಯಾಹ್ನ ಕಳೆಯಿತು. ಹದಿನೈದು ಜನಕ್ಕೆ ಊಟ ಅವಳ ಮನೆಯಲ್ಲೇ. ಎರಡು ಕೋಳಿ ಹೋದವು. ನನ್ನ ಲೆಕ್ಕದ ಪುಸ್ತಕದಲ್ಲಿ ‘ಕೋಳಿ 2’ ಎಂದು ಸೇರಿಸಿದೆ. ಸಂಜೆ ಗುತ್ತಿಗೆದಾರನ ಮೇಸ್ತ್ರಿ ತಲೆ ಕೆರೆದುಕೊಂಡು ‘ಹುಡುಗರಿಗೆ ಏನಾದ್ರೂ’ ಎಂದ. ಏನಾದರೂ ಅಂದರೆ ಐನೂರು. ಅದನ್ನು ಯಾವ ತಲೆಬರಹದಲ್ಲಿ ಬರೆಯುವುದೆಂದು ಗೊತ್ತಾಗಲಿಲ್ಲ, ಕೋಳಿಯ ಕೆಳಗೇ ಬರೆದೆ.

ಏಪ್ರಿಲ್ 24, ಬುಧವಾರ

ಇವತ್ತು ಮೀಟರು ಕೂರಿಸಿದರು. ಲೈನ್‌ಮನ್ ಕಂಬದಿಂದ ಇಳಿದು, ಹಾಕಮ್ಮ ಅಂದ. ಬೈಲುಮನೆಯವಳು ಸ್ವಿಚ್ಚು ಒತ್ತಲಿಲ್ಲ, ನನ್ನನ್ನು ಒತ್ತಲು ಹೇಳಿದಳು. ನಾನು ಅವಳ ಮಗನ ಕೈ ಹಿಡಿದು ಒತ್ತಿಸಿದೆ. ಹಗಲು ಮೂರು ಗಂಟೆ, ಬಿಸಿಲು ಜಗಲಿಯ ಮೇಲೆಯೇ ಬಿದ್ದಿತ್ತು, ಬಲ್ಬು ಉರಿದದ್ದು ಸರಿಯಾಗಿ ಕಾಣಲೂ ಇಲ್ಲ. ಒಂಬತ್ತು ವ್ಯಾಟಿನದು, ನೂರು ಗಂಟೆಗೂ ಮೀರಿ ಉರಿದರೆ ಒಂದು ಯುನಿಟ್ಟು.

ರಾತ್ರಿ ನಮ್ಮ ಅಟ್ಟದ ಕಿಟಕಿಯಿಂದ ನೋಡಿದೆ. ಸೊಪ್ಪಿನ ಬೆಟ್ಟದ ಆಚೆ ಒಂದು ಬಿಳಿ ಚುಕ್ಕೆ. ಎಂಟೂವರೆಗೆ ಆರಿತು.

ಮೇ 9, ಗುರುವಾರ

ಮೊನ್ನೆ ಮತದಾನ. ಶಾಲೆಯ ಬೂತಿನಲ್ಲಿ ಸಿಕ್ಕಿದಳು. ದೀಪ ಬೇಗ ಆರಿಸುತ್ತೀಯಲ್ಲ ಎಂದರೆ, “ಬಿಲ್ಲು ಹೆದರಿಕೆ ಅಮ್ಮ, ಅತ್ತೆಗೆ ಹಾಗೇ ಆಗಿತ್ತಂತೆ” ಅಂದಳು. ಗೃಹಜ್ಯೋತಿಗೆ ಹೆಸರು ಬರೆಸಿದರೆ ಸೊನ್ನೆ ಬಿಲ್ಲು ಎಂದು ವಿವರಿಸಿದೆ. ತಲೆ ಆಡಿಸಿದಳು, ನಂಬಿದ ಹಾಗೆ ಕಾಣಲಿಲ್ಲ. ಅಂಗಡಿಯವನಿಗೆ ಚಾರ್ಜಿನ ದುಡ್ಡು ಕೊಡುವುದು ಮಾತ್ರ ನಿಂತಿದೆ. ಅಂಗಡಿಯವನು ಈಗ ಅವಳಿಗೆ ಕಡ ಕೊಡಲು ಮುಖ ಗಂಟಿಕ್ಕುತ್ತಾನಂತೆ.

ಮೇ 19, ಭಾನುವಾರ

ಕೃತ್ತಿಕಾ ಮಳೆ. ಸಂಜೆ ಐದಕ್ಕೆ ಗಾಳಿ ಎದ್ದು, ಕಾಲೋನಿಯ ಕಡೆ ಒಂದು ಅಕೇಶಿಯಾ ಲೈನಿನ ಮೇಲೆ ಮಲಗಿತು. ಊರಿಡೀ ಕತ್ತಲೆ. ಯುಪಿಎಸ್ಸು ಕೂಡ ಎಂಟಕ್ಕೆ ಕುಂಯ್ ಎಂದು ನಿಂತಿತು. ಲಾಟೀನು ಹುಡುಕಿದೆ, ಗಾಜು ಒಡೆದಿದೆ, ಬತ್ತಿ ಇಲ್ಲ. ಮೇಣದಬತ್ತಿ ಎಲ್ಲಿಟ್ಟೆನೋ ನೆನಪಿಲ್ಲ.

ಆಗ ಅಂಗಳದಲ್ಲಿ ಟಾರ್ಚಿನ ಬೆಳಕು. ಬೈಲುಮನೆಯವಳು, ಕೊಪ್ಪೆ ಹೊದ್ದು, ಅಷ್ಟು ಮಳೆಯಲ್ಲಿ. ಕೈಯಲ್ಲಿ ಬುಡ್ಡಿ, ಅರ್ಧ ಬಾಟಲಿ ಸೀಮೆಎಣ್ಣೆ. “ನಿಮ್ಮಲ್ಲಿ ಇರೂದಿಲ್ಲ ಅಂತ ತಂದೆ” ಅಂದಳು. ಜಗಲಿಯಲ್ಲಿ ಕೂತು ಬತ್ತಿ ಎಳೆದು ಹಚ್ಚಿದಳು. ನೀರು ಕೊಡವಿಕೊಳ್ಳುತ್ತ, ಮದುವೆ ಮನೆಯ ಸುದ್ದಿ ಹೇಳುವವಳ ಧಾಟಿಯಲ್ಲಿ ಹೇಳಿದಳು:

“ನಮ್ಮಲ್ಲೂ ಕರೆಂಟು ಹೋಯ್ತು ಅಮ್ಮ.”